ನೆಲನೆಲ್ಲಿ, ಉಪ್ಪಾಗೆ ಮತ್ತು ಫ್ಯಾಟಿ ಲಿವರ್: ಮೂರು ಅವಧಿಗಳ ಪಾಠಕ್ಕೆ ಬೇಕಾದ ವಿಷಯ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಪಿತ್ತಜನಕಾಂಗಕ್ಕೆ ಸಿಗುವುದು ಕೆಲವೇ ಸಾಲು. ಅದು ಪಿತ್ತರಸ ಸ್ರವಿಸುತ್ತದೆ, ಪಿತ್ತರಸ ಕೊಬ್ಬಿನ ದೊಡ್ಡ ಹನಿಗಳನ್ನು ಚಿಕ್ಕ ಹನಿಗಳಾಗಿ ಒಡೆಯುತ್ತದೆ, ಅಲ್ಲಿಗೆ ಮುಗಿಯಿತು. ಬೋಧನಾಭ್ಯಾಸಕ್ಕೆ ಶೆಟ್ಟಿಕೆರೆಗೆ ಹೋದ ನಾನು ಪೂರ್ವಜ್ಞಾನದ ಪ್ರಶ್ನೆಯಾಗಿ, “ಪಿತ್ತಜನಕಾಂಗದ ವಿಚಾರ ಮನೆಯಲ್ಲಿ ಏನಾದರೂ ಕೇಳಿದ್ದೀರಾ?” ಎಂದೆ. ಒಬ್ಬ ಹುಡುಗ ಮಟನ್ ಅಂಗಡಿಯ ಈಲಿ ಅಂದ. ಅದು ಸರಿಯಾದ ಉತ್ತರ, ನಮ್ಮ ಪುಸ್ತಕದ ಪದಕ್ಕಿಂತ ಹಳೆಯ ಪದ. ಹಿಂದಿನ ಬೆಂಚಿನಿಂದ ಇನ್ನೊಂದು ದನಿ ಬಂತು: “ಮಿಸ್, ನೆಲನೆಲ್ಲಿ ರಸ ಕುಡಿದ್ರೆ ಫ್ಯಾಟಿ ಲಿವರ್ ವಾಸಿ ಆಗುತ್ತಾ?”

ಕೇಳಿದ ಹುಡುಗಿ ತರಗತಿ ಮುಗಿದ ಮೇಲೆ ಬಂದು ಉಳಿದದ್ದನ್ನು ಹೇಳಿದಳು. ಮನೆಯಲ್ಲಿ ಹಿರಿಯರೊಬ್ಬರ ಸ್ಕ್ಯಾನ್ ವರದಿಯಲ್ಲಿ ಹಾಗೆ ಬರೆದಿದೆ. ಒಬ್ಬರು ಬೆಳಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿ ರಸ ಅನ್ನುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ನೋಡಿದ ಪುಡಿಯ ಡಬ್ಬಿ ತರಿಸುವ ಮಾತಾಡುತ್ತಿದ್ದಾರೆ. ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು ಅನ್ನಿಸುವ ಇಂಥ ಪ್ರಶ್ನೆ ನಮ್ಮಲ್ಲಿ ಯಾರಿಗೆ ಬೇಕಾದರೂ ಎದುರಾಗಬಹುದು. ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು ಅದನ್ನೇ ಮೂರು ಅವಧಿಗಳ ಪಾಠ ಮಾಡಿದೆ. ಮುಂದಿನ ತಂಡದವರಿಗೆ ಉಪಯೋಗಕ್ಕೆ ಬರಲೆಂದು ಆ ಪಾಠದ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ವಿಚಾರ. ಪಿತ್ತಜನಕಾಂಗದ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿ ತುಂಬಿಕೊಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಮದ್ಯಪಾನದಿಂದ ಬರುವುದು ಒಂದು ಬಗೆ. ಹೆಚ್ಚು ತೂಕ, ಸಕ್ಕರೆ ಕಾಯಿಲೆ ಇವುಗಳ ಜೊತೆಯಲ್ಲಿ ಬರುವುದು ಇನ್ನೊಂದು. 2021ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಎರಡನೆಯ ಬಗೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಬಹಳ ಜನರಲ್ಲಿ ಇದು ಏನೂ ತೊಂದರೆ ಕೊಡದೆ ಇದ್ದುಬಿಡುತ್ತದೆ. ಕೆಲವರಲ್ಲಿ ಉರಿಯೂತ ಶುರುವಾಗಿ, ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆದು, ಈಲಿ ಗಂಟುಗಂಟಾಗುವವರೆಗೂ ಹೋಗುತ್ತದೆ.

ತೆಂಗಿನ ಸೀಮೆಯ ಮಕ್ಕಳು ಇಲ್ಲಿ ತಡೆದು ಕೇಳುವ ಪ್ರಶ್ನೆ ಒಂದೇ: ಕೊಬ್ಬರಿ ತಿನ್ನುವುದರಿಂದ ತಾನೆ ಕೊಬ್ಬು? ಹೆಸರಿನ ನೆಂಟಸ್ತನ ನೋಡಿದರೆ ಹಾಗನ್ನಿಸುವುದು ಸಹಜ. ಉತ್ತರ ಹೇಳಲು ನನಗೆ ಅಟ್ಟವೇ ಒದಗಿತು. ಉಂಡೆಕೊಬ್ಬರಿಗೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುವುದು ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಕಾಯಿ ಅಟ್ಟಕ್ಕೆ ಸ್ವಂತ ತೋಟದಿಂದ ಬರಬಹುದು, ಬೇರೆಯವರಿಂದ ಕೊಂಡದ್ದಿರಬಹುದು, ಯಾರೋ ಇಟ್ಟು ಹೋದದ್ದೂ ಇರಬಹುದು. ಅಟ್ಟ ತುಂಬಿದೆ ಎನ್ನುವುದಷ್ಟನ್ನೇ ನೋಡಿದರೆ ಕಾಯಿ ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಈಲಿಯೂ ಹಾಗೆಯೇ. ಅದಕ್ಕೆ ಕೊಬ್ಬು ಬರುವ ದಾರಿ ಮೂರು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 9 ಮಂದಿ ರೋಗಿಗಳ ಆಹಾರಕ್ಕೂ ರಕ್ತಕ್ಕೂ ಗುರುತು ಹಚ್ಚಿದ ಪರಮಾಣುಗಳನ್ನು ಸೇರಿಸಿ, ಆಮೇಲೆ ಅವರ ಈಲಿಯ ಚೂರನ್ನು ಪರೀಕ್ಷಿಸಿದರು. ಅದರಲ್ಲಿದ್ದ ಕೊಬ್ಬಿನ ಶೇ. 59ರಷ್ಟು ಮೈಯಲ್ಲಿ ಮೊದಲೇ ಶೇಖರವಾಗಿದ್ದ ಕೊಬ್ಬು ಕರಗಿ ರಕ್ತದ ಮೂಲಕ ಬಂದದ್ದು. ಶೇ. 26ರಷ್ಟು ಈಲಿಯೇ ಮುಖ್ಯವಾಗಿ ಸಕ್ಕರೆ, ಪಿಷ್ಟಗಳಿಂದ ತಯಾರಿಸಿಕೊಂಡದ್ದು. ಊಟದ ಕೊಬ್ಬು ನೇರವಾಗಿ ಬಂದದ್ದು ಶೇ. 15ರಷ್ಟೇ. ಕೊಬ್ಬರಿಯನ್ನು ಲೆಕ್ಕವಿಲ್ಲದೆ ತಿನ್ನಬಹುದು ಎಂದು ಇದರ ಅರ್ಥವಲ್ಲ. ಟೀ ಕಾಫಿಯ ಸಕ್ಕರೆಯನ್ನೂ ಬಾಟಲಿ ಜ್ಯೂಸನ್ನೂ ಬಿಟ್ಟು ಕೊಬ್ಬರಿಯೊಂದನ್ನೇ ದೂರುವುದು ನ್ಯಾಯವಲ್ಲ ಎಂದು ಮಾತ್ರ ಅರ್ಥ.

ಈ ಮೂರು ಸಂಖ್ಯೆಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಅಳಿಸದೆ ಬಿಡಿ. ಮೂರನೆಯ ಅವಧಿಯಲ್ಲಿ ಬೇಕಾಗುತ್ತದೆ.

ಎರಡನೆಯ ಅವಧಿಗೆ ನೆಲನೆಲ್ಲಿ ಗಿಡ ಕಿತ್ತು ತನ್ನಿ ಎಂದಿದ್ದೆ. ತೆಂಗಿನ ಪಾತಿಯಲ್ಲಿ ಮಳೆ ಬಿದ್ದ ಮೇಲೆ ಅದಕ್ಕೆ ಬರವೇ? ಇಪ್ಪತ್ತು ಮಕ್ಕಳು ತಂದದ್ದನ್ನು ಬೆಂಚಿನ ಮೇಲೆ ಹರಡಿದಾಗ ಎರಡು ಬಗೆ ಕಂಡವು. ಒಂದರಲ್ಲಿ ಎಲೆಯ ಕೆಳಗೆ ನಯವಾದ ಪುಟ್ಟ ಕಾಯಿ ಚಿಕ್ಕ ತೊಟ್ಟಿನಿಂದ ಜೋತಿತ್ತು. ಇನ್ನೊಂದರಲ್ಲಿ ಕಾಂಡ ಕೆಂಪಗಿದ್ದು, ಒರಟು ಮೈಯ ಕಾಯಿ ತೊಟ್ಟೇ ಇಲ್ಲದಂತೆ ಕಡ್ಡಿಗೆ ಅಂಟಿತ್ತು. ಮೊದಲಿನದು ಫಿಲಾಂಥಸ್ ಅಮಾರಸ್, ಎರಡನೆಯದು ಫಿಲಾಂಥಸ್ ಯೂರಿನೇರಿಯ. ತಂದವರೆಲ್ಲರ ಬಾಯಲ್ಲೂ ಎರಡೂ ನೆಲನೆಲ್ಲಿಯೇ. ಸಸ್ಯದಲ್ಲಿರುವ ಔಷಧಾಂಶ ಗುರುತಿಸುವ ಕೆಲಸ ಪ್ರಯೋಗಾಲಯದಲ್ಲಿ ಶುರುವಾಗುವುದಿಲ್ಲ, ಇಲ್ಲಿಂದ, ಗಿಡದ ಗುರುತಿನಿಂದ ಶುರುವಾಗುತ್ತದೆ. ದೊಡ್ಡವರ ಅಂಗಡಿಯಲ್ಲೂ ಇದೇ ಕಥೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ಅಧ್ಯಯನವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಅವರಿದ್ದ ತಂಡ ದಕ್ಷಿಣ ಭಾರತದ ಗಂಧಿಗೆ ಅಂಗಡಿಗಳಿಂದ ನೆಲನೆಲ್ಲಿಯ ಮಾದರಿಗಳನ್ನು ಕೊಂಡು, ರೂಪದಿಂದಲೂ ಡಿಎನ್‌ಎಯಿಂದಲೂ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿತು. ಶೇ. 76ರಷ್ಟು ಮಾದರಿಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಪೂರ್ತಿ ಅಮಾರಸ್. ಉಳಿದ ಶೇ. 24ರಲ್ಲಿ ಅದೇ ಕುಲದ ಬೇರೆ ಐದು ಪ್ರಭೇದಗಳು ಸಿಕ್ಕವು. ರಾಸಾಯನಿಕಗಳು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುವುದರಿಂದ, ಹೆಸರು ಒಂದೇ ಆದರೂ ಡಬ್ಬಿಯೊಳಗಿನ ಔಷಧ ಒಂದೇ ಎನ್ನಲಾಗದು.

ಗಿಡ ಯಾವುದೆಂದು ಖಚಿತವಾದ ಮೇಲೆ ಬೇರ್ಪಡಿಸುವ ಕೆಲಸ. ಒಂದು ಹಿಡಿ ಎಲೆಯನ್ನು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅರೆದು, ಆ ರಸದಲ್ಲಿ ಬಿಳಿ ಸೀಮೆಸುಣ್ಣದ ಕಡ್ಡಿಯನ್ನು ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಹಸಿರು, ಹಳದಿ ಪಟ್ಟೆಗಳು ಬೇರೆಬೇರೆ ಎತ್ತರಕ್ಕೆ ಏರುತ್ತವೆ. ಶೋಧಕ ಕಾಗದ ಇಲ್ಲದ ಶಾಲೆಯಲ್ಲೂ ಇದು ಆಗುತ್ತದೆ, ಹತ್ತಿರದಲ್ಲಿ ಬೆಂಕಿ ಮಾತ್ರ ಇರಬಾರದು. ಒಂದು ಎಲೆ ಅಂದರೆ ಒಂದು ವಸ್ತುವಲ್ಲ, ನೂರಾರು ವಸ್ತುಗಳ ಮಿಶ್ರಣ ಎಂಬುದು ಮಕ್ಕಳ ಕಣ್ಣಿಗೇ ಬೀಳುತ್ತದೆ. ಪಟ್ಟೆಗಳಾಗಿ ಕಂಡದ್ದು ಬಣ್ಣವಿರುವ ವಸ್ತುಗಳು ಮಾತ್ರ ಎಂಬುದನ್ನು ಹೇಳಲು ಮರೆಯಬೇಡಿ. ನೆಲನೆಲ್ಲಿಯಲ್ಲಿ ಹೆಸರು ಮಾಡಿರುವ ಫಿಲಾಂಥಿನ್, ಹೈಪೊಫಿಲಾಂಥಿನ್ ಎರಡಕ್ಕೂ ಬಣ್ಣವಿಲ್ಲ. ಮೊದಲನೆಯದು ಕಹಿ, ಎರಡನೆಯದಕ್ಕೆ ಕಹಿಯಿಲ್ಲ. ಇವು ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುಗಳೂ ಅಲ್ಲ. ಹಾಗಾಗಿ ಸ್ಪಿರಿಟ್ಟಿನಲ್ಲಿ ಇಳಿದದ್ದೆಲ್ಲ ಮನೆಯಲ್ಲಿ ನೀರು ಬೆರೆಸಿ ಹಿಂಡಿದ ರಸದಲ್ಲೂ ಇಳಿದಿರುತ್ತದೆ ಎನ್ನುವಂತಿಲ್ಲ. ಸಂಶೋಧಕರು ಮಾಡುವುದೂ ನಮ್ಮ ಸೀಮೆಸುಣ್ಣದ ಕೆಲಸವನ್ನೇ, ಇನ್ನಷ್ಟು ಸೂಕ್ಷ್ಮವಾಗಿ: ಒಂದೊಂದು ಪಾಲನ್ನೂ ಬೇರೆ ತೆಗೆದು, ಯಾವ ಪಾಲು ಕೆಲಸ ಮಾಡುತ್ತದೆಂದು ಪರೀಕ್ಷಿಸಿ, ಅದನ್ನು ಮತ್ತೆ ಒಡೆಯುತ್ತ ಕೊನೆಗೆ ಒಂದೇ ವಸ್ತುವಿಗೆ ಬಂದು ನಿಲ್ಲುವುದು.

‘ಕೆಲಸ ಮಾಡುತ್ತದೆ’ ಎನ್ನುವ ಮಾತನ್ನು ಮಾತ್ರ ಬಿಡಿಸಿ ಹೇಳಬೇಕು. 1985ರಲ್ಲಿ ಭಾರತ ಮತ್ತು ಜಪಾನಿನ ಸಂಶೋಧಕರು ಸೇರಿ ಈ ಎರಡು ವಸ್ತುಗಳನ್ನು ಇಲಿಯ ಈಲಿಯಿಂದ ತೆಗೆದ ಜೀವಕೋಶಗಳ ಮೇಲೆ ಪರೀಕ್ಷಿಸಿದರು. ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ವಿಷದಿಂದ ಆಗುವ ಹಾನಿ ಕಡಿಮೆಯಾಯಿತು. ಅದು ವಿಷದ ಹಾನಿ, ಗಾಜಿನ ತಟ್ಟೆಯಲ್ಲಿ. 1988ರಲ್ಲಿ ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇನ್ನೊಂದು ಫಲಿತಾಂಶ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ ಹೊತ್ತಿದ್ದವರಲ್ಲಿ ನೆಲನೆಲ್ಲಿ ಪಡೆದ 37 ಮಂದಿಯ ಪೈಕಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು, ಹುಸಿಮಾತ್ರೆ ಪಡೆದ 23 ಮಂದಿಯಲ್ಲಿ ಒಬ್ಬರಲ್ಲಷ್ಟೇ. ಜಗತ್ತೇ ತಿರುಗಿ ನೋಡಿತು. ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಮರುಕಳಿಸಿದ್ದರೂ ಅದು ವೈರಸ್ಸಿನ ಮಾತು, ಕೊಬ್ಬಿನದ್ದಲ್ಲ. ‘ಈಲಿಗೆ ಒಳ್ಳೆಯದು’ ಎನ್ನುವ ಒಂದು ಮಾತಿನೊಳಗೆ ವಿಷ, ವೈರಸ್ಸು, ಕೊಬ್ಬು ಎಂಬ ಮೂರು ಬೇರೆ ಪ್ರಶ್ನೆಗಳು ಅಡಗಿವೆ. ಹುಡುಗಿಯ ಪ್ರಶ್ನೆ ಮೂರನೆಯದು.

“ನಮ್ಮಜ್ಜಿಗೆ ಕಾಮಾಲೆ ಆದಾಗ ನೆಲನೆಲ್ಲೀಲೇ ವಾಸಿ ಆಯ್ತಲ್ಲ ಮಿಸ್” ಎಂದು ಒಬ್ಬ ಎದ್ದು ನಿಂತ. ಅಜ್ಜಿಯ ಅನುಭವವನ್ನು ತರಗತಿಯಲ್ಲಿ ತಳ್ಳಿಹಾಕಬಾರದು, ನಾನಂತೂ ತಳ್ಳಿಹಾಕಲಿಲ್ಲ. ನೀರಿನಿಂದ ಹರಡುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ವಾರಗಳಲ್ಲಿ ಮಜ್ಜಿಗೆಗೆ ನೆಲನೆಲ್ಲಿ ಅರೆದು ಕೊಟ್ಟಿದ್ದರೆ ಹೆಸರು ನೆಲನೆಲ್ಲಿಗೆ ಬರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೋ, ನಿಜಕ್ಕೂ ಕಾಗೆಯ ಭಾರಕ್ಕೇ ಮುರಿಯಿತೋ ತಿಳಿಯಲು ಕಾಗೆ ಕೂರದ ಕೊಂಬೆಗಳನ್ನೂ ಎಣಿಸಬೇಕು. ಹುಸಿಮಾತ್ರೆಯ ಗುಂಪು ಏಕೆ ಬೇಕೆಂದು ಇದಕ್ಕಿಂತ ಸುಲಭವಾಗಿ ಹೇಳುವ ದಾರಿ ನನಗೆ ಹೊಳೆದಿಲ್ಲ.

ಮೂರನೆಯ ಅವಧಿಯ ಕಥೆ ಪೂರ್ತಿ ಕೊಬ್ಬಿನದು, ಅದೂ ನಮ್ಮ ನಾಡಿನದು. ಶಿರಸಿ ಕಡೆಯ ನನ್ನ ಸಹಪ್ರಶಿಕ್ಷಣಾರ್ಥಿಯೊಬ್ಬರು ಒಂದು ಪೊಟ್ಟಣ ಒಣಗಿದ ಉಪ್ಪಾಗೆ ಸಿಪ್ಪೆ ತಂದುಕೊಟ್ಟಿದ್ದರು. ಹೊಗೆಯಲ್ಲಿ ಒಣಗಿಸಿದ, ಕಪ್ಪಗೆ ಮುದುಡಿದ ಸಿಪ್ಪೆ. ಹುಣಸೆಯ ಸೀಮೆಯ ನಮ್ಮ ಮಕ್ಕಳು ಅದನ್ನು ಮೂಸಿ ನೋಡಿದ್ದೇ ನೋಡಿದ್ದು. ಕೊಡಗಿನ ಕಾಚಂಪುಳಿಯೂ ಇದೇ ಹಣ್ಣಿನದು, ಮಲಯಾಳಿಗಳು ಮೀನಿನ ಸಾರಿಗೆ ಹಾಕುವ ಹುಳಿಯೂ ಇದೇ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಗಾರ್ಸೀನಿಯ ಗಮ್ಮಿಗಟ್ಟ, ಔಷಧಿ ಡಬ್ಬಿಗಳ ಮೇಲೆ ಗಾರ್ಸೀನಿಯ ಕಾಂಬೋಜಿಯ.

ಈ ಹುಳಿಗೆ ಕಾರಣವಾದ ಆಮ್ಲ ಯಾವುದೆಂದು ಖಚಿತಪಡಿಸಿದ್ದು ಮೈಸೂರಿನಲ್ಲಿ. ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಅದನ್ನು ಪ್ರಕಟಿಸಿದರು. ಅದು ಹುಣಸೆಯ ಟಾರ್ಟಾರಿಕ್ ಆಮ್ಲವಲ್ಲ, ನಿಂಬೆಯ ಸಿಟ್ರಿಕ್ ಆಮ್ಲವೂ ಅಲ್ಲ. ಸಿಟ್ರಿಕ್ ಆಮ್ಲಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಗುಂಪು ಸೇರಿದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅವರ ಗಮನವಿದ್ದದ್ದು ಹುಳಿಯ ಮೇಲೆ, ಈಲಿಯ ಮೇಲಲ್ಲ.

ಈಲಿಯ ಮಾತು ಬಂದದ್ದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾನಿಲಯದಲ್ಲಿ. ಕಪ್ಪುಹಲಗೆಯ ಮೂಲೆಯ ಶೇ. 26ನ್ನು ಈಗ ತೋರಿಸಿ. ಸಕ್ಕರೆ ಕೊಬ್ಬಾಗುವ ದಾರಿಯಲ್ಲಿ ಸಿಟ್ರೇಟ್ ಎಂಬ ಅಣು ಮೈಟೊಕಾಂಡ್ರಿಯದಿಂದ ಹೊರಗೆ ಬರುತ್ತದೆ. ಹೊರಗೆ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ, ಆ ಚೂರುಗಳಿಂದ ಕೊಬ್ಬು ಕಟ್ಟುತ್ತದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ನೋಡಲು ಸಿಟ್ರೇಟಿನ ತಮ್ಮನಂತಿದೆ. ನೆಲಕ್ಕೆ ನೆಟ್ಟ ಹಾರೆಗೆ ಚುಚ್ಚಿ ಕಾಯಿ ಸುಲಿಯುವುದನ್ನು ಮಕ್ಕಳು ದಿನಾ ನೋಡುತ್ತಾರೆ. ಕಾಯಿಯ ಹಾಗೇ ಇದ್ದು ಸಿಪ್ಪೆ ಬಿಡದ ಒಂದು ಹಾರೆಗೆ ಸಿಕ್ಕಿಕೊಂಡರೆ ಹಿಂದಿನ ರಾಶಿ ನಿಂತುಬಿಡುತ್ತದೆ. ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಈ ಆಮ್ಲ ಆ ಕಿಣ್ವವನ್ನು ಬಲವಾಗಿ ತಡೆಯುತ್ತದೆಂದು 1969ರಲ್ಲಿ ತೋರಿಸಿದರು. 1971ರಲ್ಲಿ ಜೀವಂತ ಇಲಿಗಳ ಈಲಿಯಲ್ಲೂ ಕೊಬ್ಬು ತಯಾರಾಗುವುದು ಕಡಿಮೆಯಾಯಿತೆಂದು ವರದಿ ಮಾಡಿದರು. ಗಿಡ ಗೊತ್ತು, ವಸ್ತು ಗೊತ್ತು, ಕೆಲಸ ಮಾಡುವ ಜಾಗವೂ ಗೊತ್ತು. ಇಷ್ಟು ಅಚ್ಚುಕಟ್ಟಾದ ಉದಾಹರಣೆ ಸಸ್ಯೌಷಧಿಗಳಲ್ಲಿ ಅಪರೂಪ. ಇಲ್ಲಿ ನಿಲ್ಲಿಸಿ, “ಮನುಷ್ಯರಲ್ಲೂ ಕೆಲಸ ಮಾಡೀತೇ? ಕೈ ಎತ್ತಿ” ಎಂದೆ. ಮೂರು ಜನ ಬಿಟ್ಟು ಎಲ್ಲರ ಕೈಯೂ ಮೇಲೆ ಹೋಯಿತು.

1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಫಲಿತಾಂಶ ಬಂತು. ಹೆಚ್ಚು ತೂಕದ 135 ಮಂದಿ, 12 ವಾರ, ದಿನಕ್ಕೆ 1500 ಮಿಲಿಗ್ರಾಂ ಆಮ್ಲ ಅಥವಾ ಹುಸಿಮಾತ್ರೆ. ಎರಡೂ ಗುಂಪಿಗೆ ಒಂದೇ ಪಥ್ಯ. ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೊ ಇಳಿದರು, ಹುಸಿಮಾತ್ರೆಯವರು 4.1 ಕಿಲೊ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇಬ್ಬರಿಗೂ ವ್ಯತ್ಯಾಸವಿಲ್ಲ. ಅಳೆದದ್ದು ತೂಕವನ್ನು, ಈಲಿಯ ಕೊಬ್ಬನ್ನಲ್ಲ, ಅದನ್ನು ಮಕ್ಕಳಿಗೆ ಹೇಳಲೇಬೇಕು. ಆದರೂ ಏಕೆ ಹೀಗಾಯಿತೆಂದು ಕೇಳಿದಾಗ ಮುಂದಿನ ಸಾಲಿನ ಹುಡುಗಿ ಎದ್ದು ಹೋಗಿ 59ರ ಮೇಲೆ ಬೆರಳಿಟ್ಟಳು. ಒಂದು ದಾರಿ ಮುಚ್ಚಿದರೆ ಅಟ್ಟಕ್ಕೆ ಉಳಿದೆರಡು ದಾರಿ ತೆರೆದೇ ಇವೆ. ಮನುಷ್ಯರು ಸಾಮಾನ್ಯ ಊಟದಲ್ಲಿ ಸಕ್ಕರೆಯಿಂದ ಕೊಬ್ಬು ತಯಾರಿಸುವುದು ಇಲಿಗಳಷ್ಟು ಹೆಚ್ಚಲ್ಲ ಎಂಬುದೂ ಇನ್ನೊಂದು ಕಾರಣ. ಸಹಪಾಠಿ ವೀಕ್ಷಕರು ಆ ಹುಡುಗಿಯ ಉತ್ತರವನ್ನು ತಮ್ಮ ಹಾಳೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದರು.

ಡಬ್ಬಿಗಳ ಮಾರಾಟ ಮಾತ್ರ ನಿಲ್ಲಲಿಲ್ಲ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ತೂಕ ಇಳಿಸುವ ಒಂದು ಹೆಸರಾಂತ ಉತ್ಪನ್ನವನ್ನು ಬಳಸಬೇಡಿ ಎಂದು ಎಚ್ಚರಿಸಿದರು. ಅದನ್ನು ತೆಗೆದುಕೊಂಡವರಲ್ಲಿ ಈಲಿಗೆ ಹಾನಿಯಾದ ವರದಿಗಳಿದ್ದವು. ಅದರಲ್ಲಿ ಹಲವು ಪದಾರ್ಥಗಳಿದ್ದುದರಿಂದ ಉಪ್ಪಾಗೆಯೊಂದರ ಮೇಲೆ ದೂರು ಹೊರಿಸಲಾಗದು. 2022ರಲ್ಲಿ ಅಲ್ಲಿನದೇ ಸಂಶೋಧಕರ ಜಾಲವೊಂದು ಉಪ್ಪಾಗೆ ಸಾರವಿದ್ದ ಉತ್ಪನ್ನಗಳಿಂದ ಈಲಿಗೆ ಹಾನಿಯಾದ 22 ಮಂದಿಯ ವಿವರ ಪ್ರಕಟಿಸಿತು. 5 ಮಂದಿ ತೆಗೆದುಕೊಂಡದ್ದರಲ್ಲಿ ಉಪ್ಪಾಗೆಯ ಜೊತೆ ಬೇರೆ ಅಪಾಯಕಾರಿ ಸಸ್ಯಸಾರ ಇರಲಿಲ್ಲ, ಉಳಿದವರಲ್ಲಿ ಬಹುಪಾಲು ಜನರದ್ದರಲ್ಲಿ ಗ್ರೀನ್ ಟೀ ಸಾರವೂ ಇತ್ತು. ಹಾನಿಗೊಳಗಾದವರಲ್ಲಿ ಒಂದು ನಿರ್ದಿಷ್ಟ ಜೀನ್ ರೂಪ ಹೆಚ್ಚಾಗಿ ಕಂಡಿತು. ಅಂದರೆ ಎಲ್ಲರಿಗೂ ಆಗುವುದಲ್ಲ, ಯಾರಿಗೆ ಆಗುತ್ತದೆಂದು ಮೊದಲೇ ತಿಳಿಯುವುದೂ ಇಲ್ಲ. ಈಲಿಯ ಕೊಬ್ಬು ತಡೆಯಬಲ್ಲದೆಂದು ಕಂಡ ಅಣು ಇದ್ದ ಡಬ್ಬಿಯೇ ಕೆಲವರ ಈಲಿಯನ್ನು ಕೆಡಿಸಿತು. ಮೈಸೂರಿನ ಆ ಇಬ್ಬರ ಕೆಲಸಕ್ಕೆ ಇದರಿಂದ ಕುಂದಿಲ್ಲ, ಅವರು ಹುಳಿಯ ಗುರುತು ಹೇಳಿದ್ದು ಇಂದಿಗೂ ಸರಿಯಾಗಿಯೇ ಇದೆ. ಅದೇ ಕಿಣ್ವವನ್ನು ತಡೆಯುವ, ಗಿಡದಿಂದ ಬರದ, ಬೆಂಪೆಡೊಯಿಕ್ ಆಮ್ಲ ಎಂಬ ಔಷಧ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದು ಕೊಲೆಸ್ಟರಾಲಿಗೆ.

ಪೂರ್ತಿ ನಿರಾಶೆಯ ಪಾಠವಾಗದಿರಲೆಂದು ಇನ್ನೊಂದು ಉದಾಹರಣೆ ಸೇರಿಸಿದೆ. ಮಿಲ್ಕ್ ತಿಸಲ್ ಎಂಬ ಮುಳ್ಳುಗಿಡದ ಬೀಜದ ಸಿಲಿಮರಿನ್ ಬಗ್ಗೆ 2017ರಲ್ಲಿ ಮಲೇಷ್ಯಾದಿಂದ ಬಂದ ಪರೀಕ್ಷೆ ಅದು. ಉರಿಯೂತವಿದ್ದ 99 ರೋಗಿಗಳು, 48 ವಾರ. ಮೊದಲೇ ಹೇಳಿಕೊಂಡಿದ್ದ ಮುಖ್ಯ ಗುರಿಯಲ್ಲಿ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಆದರೆ ಗಟ್ಟಿ ಅಂಗಾಂಶ ಕಡಿಮೆಯಾದವರು ಸಿಲಿಮರಿನ್ ಗುಂಪಿನಲ್ಲಿ ಶೇ. 22.4, ಇನ್ನೊಂದರಲ್ಲಿ ಶೇ. 6.0. ಇದು ಗೆಲುವೂ ಅಲ್ಲ, ಸೋಲೂ ಅಲ್ಲ, ದೊಡ್ಡ ಪರೀಕ್ಷೆ ಬೇಕೆನ್ನುವ ಸೂಚನೆ. ‘ಸಹಾಯವಾಗಬಹುದು’ ಎಂಬ ಮಾತಿನ ತೂಕ ಇಷ್ಟೇ, ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ಆ ಹುಡುಗಿಗೆ ನಾನು ಔಷಧದ ವಿಚಾರ ಹೇಳಲಿಲ್ಲ, ಅದು ನಮ್ಮ ಕೆಲಸವಲ್ಲ. ಅವರ ಕಾಯಿಲೆಯನ್ನು ತರಗತಿಯಲ್ಲಿ ಎತ್ತಲೂ ಇಲ್ಲ. ಮನೆಯವರು ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಕೇಳಲೆಂದು ಅವಳೇ ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡಳು: ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಆಗಿದೆಯೇ, ಎಷ್ಟು ತೂಕ ಇಳಿಸಬೇಕು, ರಸವನ್ನೋ ಪುಡಿಯನ್ನೋ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರು ಡಾಕ್ಟರಿಗೆ ಹೇಳಿದ್ದೇವೆಯೇ. ಎರಡನೆಯದಕ್ಕೆ ವೈದ್ಯರ ಬಳಿ ಗಟ್ಟಿ ಉತ್ತರವಿದೆ. ಶೇ. 5ರಷ್ಟು ತೂಕ ಇಳಿದರೂ ಈಲಿಯ ಕೊಬ್ಬು ತಗ್ಗುತ್ತದೆ, ಶೇ. 7ರಿಂದ 10ರಷ್ಟು ಇಳಿದರೆ ಉರಿಯೂತವೂ ಇಳಿಯುತ್ತದೆ.

ಕೊನೆಗೆ ಬಂದ ಪ್ರಶ್ನೆ ಇದು: “ಶಿರಸಿಯೋರು ಇದನ್ನ ಸಾರಿಗೆ ಹಾಕ್ತಾರಲ್ಲ ಮಿಸ್, ಅವರ ಲಿವರ್‌ಗೆ ಏನೂ ಆಗಲ್ವಾ?” ಉತ್ತರ ಹೇಳುವ ಬದಲು ಲೆಕ್ಕ ಕೊಟ್ಟೆ. ಒಣಸಿಪ್ಪೆಯಲ್ಲಿ ಆ ಆಮ್ಲ ಶೇ. 10ರಿಂದ 30ರವರೆಗೆ ಇರುತ್ತದೆ. ಪರೀಕ್ಷೆಯಲ್ಲಿ ಕೊಟ್ಟ 1500 ಮಿಲಿಗ್ರಾಂ ಆಮ್ಲ ಸಿಗಲು ಎಷ್ಟು ಸಿಪ್ಪೆ ಬೇಕು? ಒಬ್ಬರಿಗೆ ದಿನಕ್ಕೆ 5ರಿಂದ 15 ಗ್ರಾಂ ಎಂದು ಉತ್ತರ ಬಂತು. ಪ್ರಯೋಗಾಲಯದ ತಕ್ಕಡಿಯಲ್ಲಿ 15 ಗ್ರಾಂ ತೂಗಿ, ಅದರ ಪಕ್ಕಕ್ಕೆ ಶಿರಸಿಯ ನಮ್ಮ ಗೆಳತಿ ಮನೆಮಂದಿಗೆಲ್ಲ ಸೇರಿ ಒಂದು ಸಾರಿಗೆ ಹಾಕುವೆ ಎಂದ ಎರಡು ಎಸಳುಗಳನ್ನು ಇಟ್ಟೆವು. ಘಂಟೆ ಹೊಡೆದ ಮೇಲೂ ಮಕ್ಕಳು ಆ ಎರಡು ಗುಡ್ಡೆಗಳ ಸುತ್ತ ನಿಂತು, 12 ವಾರಕ್ಕೆ ಎಷ್ಟು ಕಿಲೊ ಆಗುತ್ತದೆಂದು ಗುಣಿಸುತ್ತಿದ್ದರು.